ಮೇಲಕ್ಕೆ ತೋರಿಸಿದ ಬಾಣ

ಕೊಳ್ಳೇಗಾಲದಲ್ಲಿ ಬೋರ್ಡು ಮಾಡಿಕೊಡುವ ಅಂಗಡಿಗಳು ಹಲವಾರು ಇದ್ದರೂ, ತಾನು ಮಾಡಿದ ಬೋರ್ಡಿನ ಬಗ್ಗೆ ಬಸವೇಶನಿಗಿದ್ದಷ್ಟು ಜಂಬ ಇನ್ಯಾರಿಗೂ ಇರಲಿಲ್ಲ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಊದುಬತ್ತಿ ಬೆಳಗಿ, ಫ್ಲೆಕ್ಸ್ ಮಷೀನಿಗೆ ಒಂದು ಹೂವು ಸಿಕ್ಕಿಸಿ, ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತನೆಂದರೆ ರಸ್ತೆಯುದ್ದಕ್ಕೂ ತನ್ನ ಅಕ್ಷರಗಳನ್ನೇ ಹುಡುಕುತ್ತಿದ್ದ. ಬೇಕರಿ ಬೋರ್ಡು ಅವನದು, ಹಲ್ಲಿನ ಡಾಕ್ಟರ ಬೋರ್ಡು ಅವನದು, ಟ್ಯೂಷನ್ ಬೋರ್ಡು ಅವನದು.

“ಅಲ್ಲಿ ‘ಕಸ ಹಾಕಬಾರದು’ ಅಂತ ಬರ್ದದಲ್ಲ, ಅದೂ ನಿಂದೇಯಾ?” ಎಂದು ಟೀ ಅಂಗಡಿಯ ಚಿಕ್ಕಮಾದಪ್ಪ ಕೇಳುತ್ತಿದ್ದ.

“ನಂದೇ ಕಣಣ್ಣ.”

“ಅದ್ಕೇ ಜನ ಇಷ್ಟಪಟ್ಟು ಅಲ್ಲೇ ತಂದು ಸುರೀತಾವ್ರೆ.”

ಬಸವೇಶ ನಕ್ಕು ಟೀ ಕುಡಿಯುತ್ತಿದ್ದ. ಜನ ಬೋರ್ಡು ನೋಡುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದ ಸಂಗತಿ. ಬರೆದು ನಿಲ್ಲಿಸುವುದು ತನ್ನ ಕೆಲಸ, ತಿಳಿಯದೇ ಹೋದರೆ ಅದು ತಿಳಿಯದವರ ಕರ್ಮ. ಈ ಒಂದು ನಂಬಿಕೆ ಅವನನ್ನು ಬಹಳ ವರ್ಷ ನೆಮ್ಮದಿಯಾಗಿ ಇಟ್ಟಿತ್ತು.

ಅಂಥವನಿಗೆ ಕಳೆದ ವರ್ಷ ಒಂದು ದೊಡ್ಡ ಕೆಲಸ ಸಿಕ್ಕಿತು. ಹನೂರು ದಾಟಿ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ಮಹದೇವಸ್ವಾಮಿ ಎಂಬ ಟೈಲ್ಸ್ ವ್ಯಾಪಾರಿ ಒಂದು ದೊಡ್ಡ ಪಾರ್ಕಿಂಗ್ ಕಟ್ಟಡ ಎಬ್ಬಿಸಿದರು. ಕೆಳಗೊಂದು ಅಂತಸ್ತು, ಮೇಲೆರಡು, ಅದರ ಮೇಲೆ ಬಯಲು ತಾರಸಿ. ಜನ ಹೆಚ್ಚು ಬರುವ ದಿನಗಳಲ್ಲಿ ಬೆಟ್ಟದ ಮೇಲಿನ ದೇವರಾದ ಮಾದಪ್ಪನ ಭಕ್ತರು ತಮ್ಮ ಗಾಡಿಗಳನ್ನು ಅಲ್ಲಿ ಬಿಟ್ಟು, ಬಸ್ಸಿನಲ್ಲಿ ಬೆಟ್ಟ ಹತ್ತಿ, ಇಳಿದು ಬಂದು ಗಾಡಿ ತೆಗೆದುಕೊಂಡು ಹೋಗಬೇಕು. ಗಾಡಿ ಎಲ್ಲಿ ನುಗ್ಗಬೇಕು, ಎಲ್ಲಿ ನಿಲ್ಲಬೇಕು, ಇಳಿದ ಜನ ಎತ್ತ ನಡೆಯಬೇಕು ಎಂದು ತೋರಿಸುವ ಬೋರ್ಡುಗಳೆಲ್ಲ ಬಸವೇಶನ ಪಾಲಿಗೆ ಬಂದವು.

ಅವನು ಮೈಸೂರಿಗೆ ಹೋಗಿ ದೊಡ್ಡ ಮಾಲ್‌ಗಳ ನೆಲಮಾಳಿಗೆಯಲ್ಲಿ ಓಡಾಡಿ, ಸೆಕ್ಯೂರಿಟಿಯವರ ಹತ್ತಿರ ಬೈಸಿಕೊಂಡು, ಮೊಬೈಲ್ ತುಂಬ ಫೋಟೋ ಹೊಡೆದುಕೊಂಡು ಬಂದ. ಒಂದೊಂದು ಅಂತಸ್ತಿಗೆ ಒಂದೊಂದು ಬಣ್ಣ ಕೊಟ್ಟ. ಪಿಲ್ಲರ್‌ಗಳ ಮೇಲೆ ಕನ್ನಡ, ಇಂಗ್ಲಿಷ್ ಜೊತೆಗೆ ಗಡಿಯಾಚೆಯಿಂದ ಬರುವವರಿಗೆಂದು ತಮಿಳಿನಲ್ಲೂ ಬರೆಸಿದ. ಮಾಲ್‌ನಲ್ಲಿ ನೋಡಿದ್ದ ಹಾಗೆಯೇ, ನೇರ ಹೋಗಿ ಎನ್ನುವುದಕ್ಕೆ ಮೇಲ್ಮುಖವಾದ ಬಾಣ ಹಾಕಿದ. ಕಾರು ಓಡಿಸುವವರಿಗೆ ಆ ಬಾಣದ ಭಾಷೆ ಗೊತ್ತು. ಬಸವೇಶನೂ ಕಾರು ಓಡಿಸುವವನೇ ಆದ್ದರಿಂದ ಅದಕ್ಕೆ ಬೇರೊಂದು ಅರ್ಥ ಇರಬಹುದೆಂದು ಅವನಿಗೆ ಹೊಳೆಯಲಿಲ್ಲ.

ಹೆಂಗಸರ ಶೌಚಾಲಯ ಪ್ರತಿ ಅಂತಸ್ತಿನ ಆಚೆ ತುದಿಯಲ್ಲಿ, ಮೆಟ್ಟಿಲಿನ ಪಕ್ಕ ಇತ್ತು. ಅದರ ಬೋರ್ಡನ್ನು ಅಲ್ಲೇ ಮೆಟ್ಟಿಲ ಬಾಯಿಯ ಮೇಲೆ ಹಾಕುವುದೆಂದು ಮೊದಲು ಅವನು ಯೋಚಿಸಿದ್ದ. “ಎಲ್ಲರ ಕಣ್ಣು ಬೀಳೋ ಜಾಗ ಕಣಯ್ಯ ಅದು, ಕಕ್ಕಸಿನ ಬೋರ್ಡ್ ಹಾಕಿ ಹಾಳು ಮಾಡ್ಬೇಡ, ಸೀರೆ ಅಂಗಡಿ ಜಾಹೀರಾತಿಗೆ ಕೊಡಾನ” ಎಂದರು ಮಹದೇವಸ್ವಾಮಿ. ಬಸವೇಶ ಎದುರು ಮಾತಾಡಲಿಲ್ಲ. ಸೀರೆ ಅಂಗಡಿಯ ಫ್ಲೆಕ್ಸೂ ಅವನದೇ ಅಂಗಡಿಯಲ್ಲಿ ಪ್ರಿಂಟಾಗುವುದಿತ್ತು. ಹೀಗಾಗಿ ಶೌಚಾಲಯದ ಬೋರ್ಡು, ಸೀರೆ ಉಟ್ಟ ಹೆಂಗಸಿನ ಚಿತ್ರ ಮತ್ತು ಮೇಲ್ಮುಖದ ಬಾಣದ ಸಮೇತ, ಈಚೆ ತುದಿಯ ಪಿಲ್ಲರ್‌ಗೆ ಬಂತು. ಆ ಪಿಲ್ಲರ್‌ನ ಮಗ್ಗುಲಲ್ಲೇ ಗಾಡಿಗಳು ಮೇಲಿನ ಅಂತಸ್ತಿಗೆ ಹತ್ತುವ ಏರುದಾರಿ ಇತ್ತು. ಒಂದು ಅಂತಸ್ತಿಗೆ ಹಾಕಿದ್ದನ್ನೇ ಅದರ ಮೇಲಿನದಕ್ಕೂ ಹಾಕಿದ. ತಾರಸಿಗೆ ಯಾರು ಹೋಗುತ್ತಾರೆ ಎಂದು ಅಲ್ಲಿ ಏನೂ ಹಾಕಲಿಲ್ಲ.

ಶುರುವಾದ ದಿನವೇ ಒಬ್ಬ ಹೆಂಗಸು ಆ ಏರುದಾರಿ ಹಿಡಿದು ಹತ್ತಿ ಹೋಗಿ, ಸ್ವಲ್ಪ ಹೊತ್ತಿಗೆ ಉಸ್ಸಪ್ಪ ಎಂದು ಇಳಿದು ಬಂದಳು. ಬಸವೇಶ ಅದನ್ನು ಕಣ್ಣಾರೆ ನೋಡಿದ. ಮಹದೇವಸ್ವಾಮಿಯ ಜೊತೆ ನಿಂತು ಕೈಗೆ ಬಂದ ಲಾಡು ತಿನ್ನುತ್ತಾ, “ಈ ಜನಕ್ಕೆ ಬಂಗಾರದಲ್ಲಿ ಬರ್ದು ಹಾಕಿದ್ರೂ ಅಷ್ಟೇ ಸಾ” ಎಂದು ನಕ್ಕ. ಆಮೇಲೆ ಆ ನಗು ಅವನನ್ನು ಬಹಳ ಕಾಡಿತು.

ಚೈತ್ರದ ಒಂದು ಮಧ್ಯಾಹ್ನ ಅಂಗಡಿಗೆ ಪುಟ್ಟಮಾದಪ್ಪನ ಫೋನು ಬಂತು. ಅವನು ಪಾರ್ಕಿಂಗ್ ಕಟ್ಟಡದಲ್ಲಿ ಸೀಟಿ ಊದಿ ಗಾಡಿ ನಿಲ್ಲಿಸುವವನು, ರಾಮಾಪುರದವನು.

“ಸಾ, ನಮ್ಮೂರ ದೊಡ್ಡಬಸಮ್ಮ ಅಂತ ಒಬ್ರು, ತಾರ್ಸಿ ಮ್ಯಾಲೆ ಬಿದ್ದಿದ್ರು. ಎರಡೂ ಅಂಗಾಲು ಬೆಂದೋಗದೆ. ಕೊಳ್ಳೇಗಾಲದ ಆಸ್ಪತ್ರೆಗೆ ಕರ್ಕಂಡು ಓದ್ರು.”

“ತಾರಸಿಗೆ ಯಾಕೆ ಹೋಗಿದ್ರು?”

“ಅದೇ ಸಾ ನಂಗೂ ತಿಳೀದು. ಕಕ್ಕಸಿಗೆ ಅಂತ ಓಗಿದ್ರಂತೆ.”

ಫೋನ್ ಇಟ್ಟ ಮೇಲೆ ಬಸವೇಶ ಪಾರ್ಕಿಂಗ್ ಬೋರ್ಡುಗಳ ಹಳೆಯ ಕಾಗದ ತೆಗೆದು ನೋಡಿದ. ಬೆಟ್ಟಕ್ಕೆ ಹೋಗುವವರು ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟು ಬರಿಗಾಲಲ್ಲಿ ನಡೆಯುತ್ತಾರೆ ಎಂಬುದು ಈ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಯಳಂದೂರು ತಾಲ್ಲೂಕಿನ ಅಗರದಲ್ಲಿ ಹುಟ್ಟಿದ ಬಸವೇಶನಿಗೂ ಗೊತ್ತು. ಅವನೂ ಚಿಕ್ಕಂದಿನಿಂದ ಹಾಗೇ ನಡೆದವನು. ಬೋರ್ಡುಗಳ ಯೋಜನೆ ಹಾಕುವಾಗ ಮಾತ್ರ ಅವನ ಕಾಗದದ ಮೇಲೆ ನಡೆದವರೆಲ್ಲ ಬೂಟು ಹಾಕಿಕೊಂಡಿದ್ದರು.

ಮರುದಿನ ಬ್ರೆಡ್ಡು, ಎಳನೀರು ಹಿಡಿದು ಆಸ್ಪತ್ರೆಗೆ ಹೋದ. ಪಾರ್ಕಿಂಗ್ ಕಡೆಯಿಂದ ನೋಡಲು ಬಂದವನು ಎಂದಷ್ಟೇ ಹೇಳಿಕೊಂಡ. ದೊಡ್ಡಬಸಮ್ಮನ ಎರಡು ಕಾಲಿಗೂ ಬ್ಯಾಂಡೇಜು ಸುತ್ತಿದ್ದರು. ಸಕ್ಕರೆ ಕಾಯಿಲೆಯ ಹೆಂಗಸು, ಅಂಗಾಲಿಗೆ ಸ್ಪರ್ಶವೇ ಕಮ್ಮಿ. ಕಾದ ಕಾಂಕ್ರೀಟು ಸುಡುತ್ತಿದೆ ಎಂದು ತಿಳಿಯುವ ಹೊತ್ತಿಗೆ ಬೊಬ್ಬೆ ಎದ್ದು ಒಡೆದಿತ್ತು. ಮಾಯಲು ತಿಂಗಳುಗಟ್ಟಲೆ ಹಿಡಿಯಬಹುದೆಂದು ಡಾಕ್ಟರು ಹೇಳಿದ್ದರು. ಮಗ ಶಿವರಾಜು ಹಾಸಿಗೆಯ ಪಕ್ಕ ಕೂತಿದ್ದ. ಸೊಸೆ ರೂಪ ಕಾಲ ಬಳಿ ಫ್ಲಾಸ್ಕು ಹಿಡಿದು ನಿಂತಿದ್ದಳು, ಸೊಂಟದ ಮೇಲೆ ಹೆಣ್ಣುಮಗು.

“ಹೆಂಗಾಯ್ತವ್ವ?” ಎಂದು ಕೇಳಿದ ಬಸವೇಶ.

“ಬೆಟ್ಟದಿಂದ ಬಂದು ವ್ಯಾನ್ ತಾವ್ಕೆ ಓದ್ವಿ ಕಣಪ್ಪ. ಮಗ ಟೀ ಕುಡ್ದು ಬತ್ತೀನಿ ಅಂತ ಕೆಳಕ್ಕೋದ. ಕೂಸು ವ್ಯಾನಲ್ಲಿ ಮಲ್ಗಿತ್ತು, ಇವ್ಳು ಬುಟ್ಟು ಬರಂಗಿರ್ನಿಲ್ಲ. ಅಲ್ಲಿ ಬೋರ್ಡದೆ ಅತ್ತೆ, ಬಾಣ ನೋಡ್ಕಂಡು ಓಗಿ ಅಂದ್ಲು. ಬೋರ್ಡಲ್ಲಿ ಸೀರೆ ಉಟ್ಟಿರೋ ಹೆಂಗ್ಸು ಇದ್ಲು, ಬಾಣ ಮ್ಯಾಕೆ ತೋರುಸ್ತು. ಹತ್ತಿ ಓದೆ. ಅಲ್ಲೂ ಅದೇ ಹೆಂಗ್ಸು, ಅದೇ ಬಾಣ. ಇನ್ನೂ ಮ್ಯಾಲೆ ಇರ್ಬೇಕು ಅಂದ್ಕಂಡು ಹತ್ತುದೆ. ಅಲ್ಲಿ ನೋಡುದ್ರೆ ಬಟ್ಟಬಯ್ಲು. ಹಿಂದುಕ್ಕೆ ಬರಾನ ಅಂದ್ರೆ ಒಂದು ಕಾರು ಪೀ ಅಂತ ಬಂತು, ಗಾಬ್ರಿ ಬಿದ್ದು ಆ ಕಡಿಕೆ ಓದೆ, ದಾರಿನೇ ಸಿಗ್ನಿಲ್ಲ.”

ಅವಳು ಓದು ಬಾರದವಳಾಗಿದ್ದಿರಬಹುದು. ಆದರೆ ಬೋರ್ಡು ಹೇಳಿದ್ದನ್ನು ಅವಳು ಒಂದಿಷ್ಟೂ ತಪ್ಪಿಲ್ಲದೆ ಪಾಲಿಸಿದ್ದಳು. ಬಸವೇಶನಿಗೆ ಅದು ಅಲ್ಲೇ, ಆ ಕಬ್ಬಿಣದ ಮಂಚದ ಪಕ್ಕದಲ್ಲೇ ಅರ್ಥವಾಯಿತು.

“ಬೋರ್ಡು ಏನು ಮಾಡೀತು ಬುಡು,” ಎಂದಳು ಗೋಡೆಗೆ ಒರಗಿ ಕೂತಿದ್ದ ಲಕ್ಷ್ಮಿದೇವಿ. ಅವಳು ದೊಡ್ಡಬಸಮ್ಮನ ಹಿರಿಯ ವಾರಗಿತ್ತಿ, ಆ ಮನೆಯಲ್ಲಿ ಅವಳದೇ ಕೊನೆಯ ಮಾತು. “ಸಾವ್ರ ಜನ ಓಡಾಡೋ ಜಾಗ. ಎಲ್ರುನೂ ಬುಟ್ಟು ನಮ್ಮ ಮನೆಯೋರ ಕಾಲ್ಗೇ ಯಾಕೆ ಬರ್ಬೇಕು? ಮಾದಪ್ಪನ ತಾವ್ಕೆ ಮುಟ್ಟು ತಕಂಡು ಓದ್ರೆ ಸುಮ್ಕಿದ್ದಾನಾ?”

“ನಾನು ಯೋಳುದ್ನಲ್ಲ ದೊಡ್ಡತ್ತೆ,” ಎಂದಳು ರೂಪ ನೆಲ ನೋಡುತ್ತಾ. “ನೀರು ಹಾಕಂಡಾಗಿತ್ತು. ದಿನ ಎಲ್ಲಾ ಕಳ್ದಿತ್ತು.”

“ಕಳ್ದಿತ್ತೋ ಕಳೀನಿಲ್ವೋ, ನಿಂಗೂ ಆ ಮಾದಪ್ಪನಿಗೂವೇ ಗೊತ್ತು.”

ಶಿವರಾಜು ಕಿಟಕಿಯ ಕಡೆ ನೋಡಿದ. ಸೊಸೆ ಲೋಟಕ್ಕೆ ಬಗ್ಗಿಸಿದ ಹಾಲನ್ನು ದೊಡ್ಡಬಸಮ್ಮ ಈಸಿಕೊಳ್ಳಲಿಲ್ಲ. “ಕಾಲು ವಾಸಿಯಾದ್ರೆ ರಾಮಾಪುರದಿಂದ ಬರಿಗಾಲಲ್ಲಿ ನಡ್ಕಂಡು ಬತ್ತೀನಿ ಅಂತ ತಪ್ಪು ಕಾಣ್ಕೆ ಕಟ್ಟಿವ್ನಿ,” ಎಂದು ಸೊಂಟದ ಗಂಟನ್ನು ಮುಟ್ಟಿ ತೋರಿಸಿದಳು.

ತಪ್ಪು ಅವಳದಲ್ಲ, ಮಾದಪ್ಪನ ಕೋಪವಲ್ಲ, ಆ ಸೊಸೆಯ ಮೈಲಿಗೆಯಂತೂ ಅಲ್ಲವೇ ಅಲ್ಲ. ಆ ಕೋಣೆಯಲ್ಲಿ ಇದು ಗೊತ್ತಿದ್ದವನು ಬಸವೇಶ ಒಬ್ಬನೇ. ಅವನು ಬಾಯಿ ತೆರೆದ. ಆಮೇಲೆ “ಎಳನೀರು ಕುಡೀರವ್ವ, ಸಕ್ಕರೆ ಕಾಯಿಲೆ ಅಲ್ವಾ, ಸ್ವಲ್ಪವೇ ಕುಡೀರಿ” ಎಂದು ಹೇಳಿ ಹೊರಟು ಬಂದ.

ಸುಮ್ಮನಿದ್ದೂ ಇರಲಾರದೆ ಅವನು ಮಹದೇವಸ್ವಾಮಿಯ ಅಂಗಡಿಗೆ ಹೋಗಿ, ಬಾಣ ಬದಲಿಸಿಬಿಡೋಣ, ಖರ್ಚು ನನ್ನದೇ ಎಂದ. ಮಹದೇವಸ್ವಾಮಿ ಕೆಟ್ಟ ಮನುಷ್ಯರಲ್ಲ. ದೊಡ್ಡಬಸಮ್ಮನ ಔಷಧಕ್ಕೆಂದು ಪುಟ್ಟಮಾದಪ್ಪನ ಕೈಯಲ್ಲಿ ಆಗಲೇ ದುಡ್ಡು ಕಳಿಸಿದ್ದರು. ಆದರೂ ತಲೆ ಅಲ್ಲಾಡಿಸಿದರು.

“ಈಗ ಬದ್ಲಾಯ್ಸಿದ್ರೆ ತಪ್ಪು ನಮ್ದೇ ಅಂತ ನಾವೇ ಸಾರಿ ಹೇಳ್ದಂಗೆ. ನಾಳೆ ಯಾವನೋ ಒಬ್ಬ ಅವ್ರ ತಲೆ ಕೆಡಿಸ್ತಾನೆ, ಕೋರ್ಟು ಕಚೇರಿ ಅಂತ ಅಲೀಬೇಕು. ಅವ್ರೇ ದೇವ್ರ ಮೇಲೆ ಹಾಕ್ತಾವ್ರೆ ಅಂತೀಯ. ಸ್ವಲ್ಪ ದಿನ ಹೋಗ್ಲಿ, ಪೇಂಟ್ ಮಾಡ್ಸೋ ನೆಪದಲ್ಲಿ ನೋಡಾನ.”

“ಅಲ್ಲೀವರೆಗೆ ಇನ್ನೊಬ್ರು ಹತ್ತಿದ್ರೆ?”

“ಪುಟ್ಟಮಾದಪ್ಪನಿಗೆ ನೋಡ್ಕೊಳ್ಳೋಕೆ ಹೇಳಿದೀನಿ.”

ಬಸವೇಶ ಸರಿ ಎಂದ. ರಸ್ತೆಗೆ ಇಳಿದಾಗ ಅವನಿಗೆ ಒಂದು ಹಗುರವಾದ ಭಾವ ಬಂತು. ಹೇಳುವುದನ್ನು ಹೇಳಿದ್ದಾಯಿತು, ಇನ್ನು ಯಜಮಾನರುಂಟು. ಆ ಹಗುರವೇ ಅವನಿಗೆ ನಾಚಿಕೆ ತಂದಿತು. ತಪ್ಪು ಮಾಡಿದ್ದಕ್ಕಿಂತ, ಅದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿ ಸುಖಪಟ್ಟದ್ದು ಅವನನ್ನು ಹೆಚ್ಚು ಚುಚ್ಚಿತು.

ಊಟ ಸೇರದಾಯಿತು. ಗಾದೆ ಹೇಳುವ ಹಾಗೆ ಮಾಡಿದ್ದುಣ್ಣೋ ಮಹರಾಯ ಎಂದು ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಇಲ್ಲಿ ಮಾಡಿದವನು ಒಬ್ಬ, ಉಣ್ಣುತ್ತಿದ್ದವರು ಬೇರೆ. ಹೆಂಡತಿ ಕೋಮಲ ಎರಡು ದಿನ ನೋಡಿ, ಮೂರನೆಯ ದಿನ ಅಲಸಂದೆಕಾಳು ಬಿಡಿಸುತ್ತಾ ಎದುರು ಕೂತಳು. ಅವನು ಎಲ್ಲವನ್ನೂ ಹೇಳಿದ.

“ಆ ಹೆಣ್ಮಗಳನ್ನ ಹಂಗಂದಾಗ ನೀವೇನಂದ್ರಿ?”

“ಏನೂ ಅನ್ಲಿಲ್ಲ.”

ಕೋಮಲ ಸ್ವಲ್ಪ ಹೊತ್ತು ಕಾಳು ಬಿಡಿಸಿದಳು. “ನಾನು ಹೊಸದಾಗಿ ಅಗರಕ್ಕೆ ಬಂದಾಗ ನಿಮ್ಮ ಮನೆ ಹಸು ಸತ್ತೋಯ್ತು, ನೆನಪಿದ್ಯಾ? ಹುಲ್ಲಲ್ಲಿ ಏನೋ ವಿಷ ತಿಂದಿತ್ತು ಅಂತ ಪಶು ಡಾಕ್ಟ್ರು ಹೇಳಿದ್ರು. ನಿಮ್ಮಮ್ಮ ನನ್ನ ಕೊಟ್ಟಿಗೆ ಹತ್ರ ನಿಲ್ಲಿಸ್ಕೊಂಡು, ನಿಂದು ಯಾವತ್ತಾಗಿದ್ದು ಅಂತ ಎಲ್ಲರ ಎದುರಿಗೆ ಕೇಳಿದ್ರು. ಆಗ್ಲೂ ನೀವು ಅಲ್ಲೇ ಇದ್ರಿ.”

“ಇದ್ದೆ.”

“ಆಗ್ಲೂ ಏನೂ ಅನ್ಲಿಲ್ಲ,” ಎಂದಳು ಕೋಮಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಿಡಿಸಿದ ಕಾಳನ್ನು ಎತ್ತಿಕೊಂಡು ಒಳಗೆ ಹೋದಳು.

ಅದಾದ ವಾರದೊಳಗೆ ಪುಟ್ಟಮಾದಪ್ಪ ಸಾಮಾನು ಕೊಳ್ಳಲು ಪೇಟೆಗೆ ಬಂದವನು ಅಂಗಡಿಗೂ ಬಂದ. ದೊಡ್ಡಬಸಮ್ಮನನ್ನು ಮನೆಗೆ ಕರೆತಂದಿದ್ದಾರೆ, ಗಾಯ ಇನ್ನೂ ಹಸಿ ಎಂದ. ಆಮೇಲೆ ಹೇಳಿದ: “ಶಿವರಾಜು ಹೆಂಡ್ರುನ್ನ ಪಾಲಾರಿಗೆ ಅಟ್ಬುಟ್ರು ಸಾ, ತವರ್ಗೆ. ಗಾಯ ಮಾಯ್ದೆ ಇರಾದೂ ಅವ್ಳು ಮನೇಲಿರಾದ್ರಿಂದ್ಲೇ ಅಂತ ಲಕ್ಷ್ಮಿದೇವಮ್ಮ ಉಯ್ಲೆಬ್ಸುದ್ರು. ಮಗೀನ ಎತ್ಕಂಡು ಬಸ್ ಸ್ಟಾಪಲ್ಲಿ ನಿಂತಿದ್ಲು, ಬಸ್ ಬರಗಂಟ ಬೀದಿ ಜನೆಲ್ಲಾ ನೋಡುದ್ರು. ವಾಪಸ್ ಕರ್ಸಾಕಿಲ್ಲ ಅಂತಲೂ ಮಾತು ನಡೀತಾದೆ.”

ಬಸವೇಶ ಆ ಹೊತ್ತಿನಲ್ಲಿ ಒಂದು ಸ್ಟಿಕ್ಕರ್ ಕತ್ತರಿಸುತ್ತಿದ್ದ. ಕತ್ತರಿ ಕೆಳಗಿಟ್ಟ. ಅವನಿಗೆ ಅಳು ಬರುವಂತಾಯಿತು, ಪುಟ್ಟಮಾದಪ್ಪನ ಎದುರು ಅಳುವುದು ಹೇಗೆಂದು ತಿಳಿಯದೆ ಮಷೀನು ಆಫ್ ಮಾಡಲು ಎದ್ದು ಹೋದ.

ಮರುದಿನ ಬೆಳಗಾಗುತ್ತಲೇ ಅವನು ಏಣಿ ಹಿಡಿದು ಪಾರ್ಕಿಂಗ್ ಕಟ್ಟಡಕ್ಕೆ ಹೋದ. ಯಾರನ್ನೂ ಕೇಳಲಿಲ್ಲ. ಆ ಬೋರ್ಡುಗಳನ್ನು ಎಲ್ಲ ಅಂತಸ್ತಿನಿಂದಲೂ ಬಿಚ್ಚಿದ. ಮೆಟ್ಟಿಲ ಬಾಯಿಯ ಮೇಲಿದ್ದ ಸೀರೆ ಅಂಗಡಿಯ ಫ್ಲೆಕ್ಸ್ ಇಳಿಸಿ, ಬಾಣವೇ ಇಲ್ಲದ ಹೊಸ ಬೋರ್ಡನ್ನು ಶೌಚಾಲಯದ ಬಾಗಿಲ ಮೇಲೆಯೇ ಹಾಕಿದ. ಗಾಡಿ ನಿಲ್ಲುವ ಕಡೆಯಿಂದ ಅಲ್ಲಿಯವರೆಗೆ ನೆಲದ ಮೇಲೆ ಹಳದಿ ಬಣ್ಣದಲ್ಲಿ ಬರಿಗಾಲಿನ ಹೆಜ್ಜೆಗಳನ್ನು ಬರೆದ. ಏರುದಾರಿಯ ಬಾಯಿಗೆ ಒಂದು ಸರಪಳಿ ಕಟ್ಟಿ, ನಡೆಯುವವರು ದಾಟದಂತೆ ಅಡ್ಡ ಕೈಯ ಚಿತ್ರ ತೂಗುಹಾಕಿದ. ಗಾಡಿ ಬಂದಾಗ ಪುಟ್ಟಮಾದಪ್ಪ ಸರಪಳಿ ಬಿಚ್ಚಿ ಮತ್ತೆ ಕಟ್ಟಬೇಕು. ಹೆಜ್ಜೆಗಳಿನ್ನೂ ಒಣಗಿರಲಿಲ್ಲ, ಮಹದೇವಸ್ವಾಮಿ ಬಂದರು.

“ಯಾರನ್ನ ಕೇಳ್ಕೊಂಡು ಮಾಡ್ದೆ?”

“ಮೊದ್ಲು ಆ ಬಾಣ ಹಾಕ್ದಾಗ್ಲೂ ಯಾರನ್ನೂ ಕೇಳಿರ್ಲಿಲ್ಲ ಯಜಮಾನ್ರೆ. ನಿಮ್ಗೆ ತೊಂದ್ರೆ ಬಂದ್ರೆ ನನ್ನ ಹೆಸ್ರು ಹೇಳಿ. ಆ ಹೆಂಗಸಿನ ಮನೆಗೆ ಈಗ ಹೋಗ್ತಾ ಇದೀನಿ, ನಾನೇ ಹೇಳ್ತೀನಿ.”

“ಸೀರೆ ಅಂಗಡಿಯೋರಿಗೆ ಏನು ಹೇಳ್ಲಿ?”

“ನಾನೇ ಇಳಿಸ್ದೆ ಅನ್ನಿ.”

ಮಹದೇವಸ್ವಾಮಿ ಬಹಳ ಹೊತ್ತು ನೆಲದ ಹೆಜ್ಜೆಗಳನ್ನು ನೋಡಿದರು. “ಇನ್ಮೇಲೆ ನನ್ನ ಯಾವ ಕೆಲ್ಸಕ್ಕೂ ನೀನು ಬರ್ಬೇಡ,” ಎಂದರು. ಆದರೆ ಹೆಜ್ಜೆಗಳನ್ನು ಅಳಿಸು ಎಂದು ಅವರು ಪುಟ್ಟಮಾದಪ್ಪನಿಗೆ ಹೇಳಲಿಲ್ಲ.

ಬಿಚ್ಚಿದ ಬೋರ್ಡುಗಳಲ್ಲಿ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸವೇಶ ರಾಮಾಪುರದ ಮನೆಯ ಜಗುಲಿ ಹತ್ತಿದ. ಲಕ್ಷ್ಮಿದೇವಿ ಹೊಲದ ಕಡೆ ಹೋಗಿದ್ದಳು. ದೊಡ್ಡಬಸಮ್ಮ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು, ಶಿವರಾಜು ಬ್ಯಾಂಡೇಜು ಬದಲಿಸುತ್ತಿದ್ದ. ಅವನಿಗೆ ಅದು ಬರುತ್ತಿರಲಿಲ್ಲ. ದಿನವೂ ಮಾಡುತ್ತಿದ್ದವಳು ರೂಪ.

ಬಸವೇಶ ಬೋರ್ಡನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ.

“ಇದು ಏನು ಹೇಳ್ತದವ್ವ?”

“ಅಯ್ಯ, ಇದೇ ಕಣಪ್ಪ ಅವತ್ತಿಂದು. ಮ್ಯಾಕೆ ಓಗು ಅಂತದೆ.”

“ನಾನು ನೇರ ಹೋಗಿ ಅನ್ನೋಕೆ ಅದನ್ನ ಬರ್ದಿದ್ದು. ಇದನ್ನ ಮಾಡ್ದೋನು ನಾನೇ. ಹತ್ತೋ ದಾರಿ ಪಕ್ಕದಲ್ಲಿ ನಿಲ್ಲಿಸ್ದೋನೂ ನಾನೇ. ಜನ ತಪ್ಪಿ ಹತ್ತೋದನ್ನ ಮೊದ್ಲೇ ನೋಡಿದ್ದೆ, ನೋಡಿ ನಕ್ಕಿದ್ದೆ. ಆಸ್ಪತ್ರೇಲಿ ಹೇಳ್ಬೇಕಾಗಿತ್ತು, ಹೆದರ್ಕೊಂಡೆ.”

ಶಿವರಾಜು ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡ ಬಸವೇಶ. ಹೊಡೆದಿದ್ದರೆ ಅವನಿಗೆ ಸಮಾಧಾನವೇ ಆಗುತ್ತಿತ್ತು. ಶಿವರಾಜು ಹೊಡೆಯಲಿಲ್ಲ. “ನೀನು ಹೆದ್ರುಕಂಡೆ ಸರಿ,” ಎಂದ. “ನನ್ನ ಹೆಂಡ್ರು ಅವಳು. ನಾನ್ಯಾಕೆ ಕಿಟಕಿ ನೋಡ್ತಾ ಕುಂತಿದ್ದೆ?” ಅದನ್ನು ಅವನು ಯಾರನ್ನು ಕೇಳಿದನೆಂದು ಯಾರಿಗೂ ಗೊತ್ತಾಗಲಿಲ್ಲ.

ದೊಡ್ಡಬಸಮ್ಮ ಬೋರ್ಡನ್ನೇ ನೋಡುತ್ತಿದ್ದಳು. “ಅಂಗಾರೆ ಮಾದಪ್ಪ ಅಲ್ವಾ?”

“ಅಲ್ಲ ಕಣವ್ವ. ಆ ಕಾಣಿಕೆ ಬಿಚ್ಚಿಬಿಡಿ. ನಡೀಬೇಕು ಅಂತಿದ್ರೆ ನಾನು ನಡೀತೀನಿ, ಬರಿಗಾಲಲ್ಲಿ.”

“ನೀನು ನಡುದ್ರೆ ನನ್ನ ಸೊಸೆ ಮನೆಗೆ ಬಂದಾಳಾ?” ಎಂದಳು ಮುದುಕಿ. “ಹಾಲು ಕೊಟ್ರೆ ಈಸ್ಕಳ್ನಿಲ್ಲ ನಾನು. ದಿನಾ ಕಾಲು ತೊಳ್ದೋಳು ಅವ್ಳು. ಶಿವರಾಜು, ವ್ಯಾನ್ ತೆಗಿ. ಪಾಲಾರ್‌ಗೆ ಓಗಾನ. ನೀನೂ ಹತ್ತಪ್ಪ, ಇಲ್ಲಿ ಅಂದುದ್ದುನ್ನ ಅಲ್ಲೂ ಅನ್ನು.”

ಬೆಟ್ಟದ ತಿರುವುಗಳನ್ನು ಹತ್ತಿ ಇಳಿದು ವ್ಯಾನು ಪಾಲಾರ್ ತಲುಪಿತು. ರೂಪ ತವರಿನ ಅಂಗಳದಲ್ಲಿ ಹುಣಿಸೆಹಣ್ಣು ಕುಟ್ಟುತ್ತಿದ್ದಳು. ವ್ಯಾನು ಕಂಡು ಎದ್ದವಳು, ಗಂಡ ಅತ್ತೆಯನ್ನು ಎತ್ತಿಕೊಂಡು ಇಳಿಸುವುದನ್ನು ನೋಡಿ ಓಡಿ ಬಂದು ಕುರ್ಚಿ ಹಾಕಿದಳು, ಕಾಲು ಇಡಲು ಇನ್ನೊಂದು ಸ್ಟೂಲು ತಂದಳು. ಬಸವೇಶ ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ಎರಡನೆಯ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ.

ರೂಪ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮುಟ್ಟು ಅಂತ ಅವ್ರು ಅಂದುದ್ದುಕ್ಕೆ ನಾನು ಅತ್ತಿಲ್ಲ ಅಣ್ಣ. ಬಾಣ ನೋಡ್ಕಂಡು ಓಗಿ ಅಂದೋಳು ನಾನೇ ಅಲ್ವಾ? ಮಗೀನ ಎತ್ಕಂಡು ಜತೇಲಿ ಓಗಿದ್ರೆ ಆಗ್ತಿತ್ತು. ಅವ್ರು ಅಟ್ದಾಗ ಎದ್ರು ಮಾತಾಡ್ದೆ ಬಂದದ್ದು ಅದ್ಕೇಯ. ನನ್ನಿಂದ್ಲೇ ಅಂತ ನಂಗೂ ಅನ್ಸಿತ್ತು.”

ಬಸವೇಶ ತಲೆ ತಗ್ಗಿಸಿದ. ತನ್ನ ಪಾಪದಲ್ಲಿ ಈ ಹೆಣ್ಣೂ ಒಂದು ಪಾಲು ಹೊತ್ತು ತಿರುಗಿದ್ದಳು ಎಂಬುದು ಅವನಿಗೆ ಗೊತ್ತಿರಲಿಲ್ಲ.

“ಬಾರವ್ವ ಮನೆಗೆ,” ಎಂದಳು ದೊಡ್ಡಬಸಮ್ಮ. ಅತ್ತೆಯಾದವಳು ಸೊಸೆಗೆ ತಪ್ಪಾಯಿತು ಎನ್ನುವ ಮಾತು ಆ ಸೀಮೆಯ ರೂಢಿಯಲ್ಲಿಲ್ಲ. ಅವಳು ಸೊಸೆಯ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. “ಕೂಸು ಏನುಂಡದೆ ಬೆಳಿಗ್ಗೆಯಿಂದ?”

“ಉಂಡದೆ ಅತ್ತೆ. ಬತ್ತೀನಿ,” ಎಂದಳು ರೂಪ. “ಆದ್ರೆ ಮನೆ ಬಾಗ್ಲುಗೆ ವ್ಯಾನಲ್ಲಿ ಬಂದು ಇಳಿಯಾಕಿಲ್ಲ. ಬಸ್ ಸ್ಟಾಪಲ್ಲಿ ಇಳೀತೀನಿ. ಎಲ್ರೂ ನೋಡುದ್ದು ಅಲ್ಲೇಯ. ಅಲ್ಲಿಂದ ನಡ್ಕಂಡೇ ಬತ್ತೀನಿ. ಈ ಅಣ್ಣ ನನ್ನ ಮುಂದುಗಡೆ ನಡೀಲಿ. ಯಾರು ಏನು ಕೇಳುದ್ರೂ ಅವ್ರೇ ಯೋಳ್ಲಿ.”

ರಾಮಾಪುರದ ಬಸ್ ಸ್ಟಾಪಿನಲ್ಲಿ ಸಂಜೆಯ ಜನ ಇತ್ತು. ರೂಪ ಇಳಿದಳು, ಬಸವೇಶ ಇಳಿದ. ಶಿವರಾಜು ತಾಯಿ ಮತ್ತು ಮಗುವನ್ನು ಕೂರಿಸಿಕೊಂಡು ವ್ಯಾನನ್ನು ಹಿಂದೆ ನಿಧಾನವಾಗಿ ಬಿಟ್ಟ. ಬೀಡಾ ಅಂಗಡಿಯವನು ಬಗ್ಗಿ ನೋಡಿದ. “ಯಾರು ರೂಪ ಇವ್ರು, ನೆಂಟ್ರಾ?” ಎಂದ.

ರೂಪ ಬಸವೇಶನ ಕಡೆ ಕೈ ತೋರಿಸಿದಳು. ಬಸವೇಶ ನಿಂತು, ಮೈಸೂರಿನ ಮಾಲ್‌ನಿಂದ ಶುರುಮಾಡಿ, ಬಾಣ, ಪಿಲ್ಲರ್, ಏರುದಾರಿ ಎಂದು ಉದ್ದಕ್ಕೆ ವಿವರಿಸಿದ. ಅಂಗಡಿಯವನಿಗೆ ಒಂದೂ ಹತ್ತಲಿಲ್ಲ. ಕೊಳಾಯಿಯ ಬಳಿ ಬಿಂದಿಗೆ ಹಿಡಿದಿದ್ದ ಹೆಂಗಸರಿಗೆ ಅದರಲ್ಲಿ ಅರ್ಧ ಹೇಳಿದ. ಮುಂದೆ ಹೋಗುತ್ತಾ ಅವನಿಗೆ ಅರ್ಥವಾಯಿತು, ಆ ಉದ್ದನೆಯ ವಿವರದಲ್ಲೂ ತಾನು ಬಚ್ಚಿಟ್ಟುಕೊಳ್ಳುತ್ತಿದ್ದೇನೆ ಎಂದು. ಗಿರಣಿಯ ಮುಂದೆ ಕೇಳಿದವರಿಗೆ, “ದೊಡ್ಡಬಸಮ್ಮನ ಕಾಲು ಸುಟ್ಟದ್ದು ನನ್ನ ತಪ್ಪಿಂದ. ಈ ಹೆಣ್ಮಗಳಿಂದ ಅಲ್ಲ,” ಎಂದಷ್ಟೇ ಹೇಳಿದ. ಅಲ್ಲಿಂದಾಚೆಗೆ ಕೇಳದವರಿಗೂ ಅದನ್ನೇ ಹೇಳಿದ. ಕೆಲವರು ಬೈದರು, ಕೆಲವರು ಸುಮ್ಮನೆ ರೂಪಳ ಮುಖ ನೋಡಿ ದಾರಿ ಬಿಟ್ಟರು. ಅವಳು ತಲೆ ತಗ್ಗಿಸದೆ ನಡೆದಳು.

ಮನೆಯ ಬಾಗಿಲಲ್ಲಿ ಲಕ್ಷ್ಮಿದೇವಿ ನಿಂತಿದ್ದಳು, ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟು. ಸುದ್ದಿ ಅವರಿಗಿಂತ ಮುಂಚೆ ಬೀದಿ ದಾಟಿ ಅವಳನ್ನು ಮುಟ್ಟಿತ್ತು. ಬಸವೇಶ ಅವಳಿಗೂ ಹೇಳಿದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಬೋರ್ಡು ನಿಂದೇ ಆಗ್ಲಿ. ಅಂಗಂತ ಅವತ್ತು ಇವ್ಳು ಮುಟ್ಟಾಗಿರ್ನಿಲ್ಲ ಅಂತ ನೀನು ಕಂಡಿದ್ಯಾ?”

ರೂಪ ಬಸವೇಶನ ಹಿಂದೆ ನಿಂತಿದ್ದಳು, ಹೊಸಿಲಿಗೆ ಒಂದು ಮಾರು ದೂರದಲ್ಲಿ. ಅಕ್ಕಪಕ್ಕದವರು ಜಗುಲಿಗಳ ಮೇಲೆ ಬಂದು ನಿಂತಿದ್ದರು.

ವ್ಯಾನಿನ ಬಾಗಿಲು ಸರಿಯಿತು. ದೊಡ್ಡಬಸಮ್ಮ ಬ್ಯಾಂಡೇಜಿನ ಕಾಲುಗಳನ್ನು ಹೊರಕ್ಕೆ ಚಾಚಿ, ಸೀಟಿನ ಮೇಲಿಂದಲೇ ಹೇಳಿದಳು:

“ಆಗಿದ್ರೂ ಆ ಬಾಣ ಮ್ಯಾಕೇ ತೋರುಸ್ತಿತ್ತು ಕಣಕ್ಕ. ಆಗದೆ ಇದ್ರೂ ಮ್ಯಾಕೇ ತೋರುಸ್ತಿತ್ತು. ಸರ್ಕ, ನನ್ನ ಸೊಸೆ ಒಳಿಕ್ಕೆ ಬರ್ಲಿ.”

ಲಕ್ಷ್ಮಿದೇವಿ ಕೈ ತೆಗೆದಳು.